ಸರಪಳಿ ಕಾಳಪ್ಪನ ನಾಕು ಬಟ್ಟು

ಭಾಳ ಹಿಂದಿನ ಮಾತಿದು. ಎಷ್ಟು ಹಿಂದಂದ್ರ, ನಮ್ಮ ಮುತ್ತಜ್ಜಿಗೆ ಅಕಿ ಮುತ್ತಜ್ಜಿ ಹೇಳುವಾಗೂ ಭಾಳ ಹಿಂದಿನ ಮಾತು ಅಂತನ ಸುರು ಮಾಡ್ತಿದ್ಲಂತ. ಎರಿಹಾಳ ಅಂತ ಒಂದು ಊರು. ಊರ ಮೂಡಲಕ್ಕ ಕಣ್ಣು ಹಾಯೋತನಕ ಕರೀ ಎರಿ ಹೊಲ, ಪಡುವಲಕ್ಕ ಒಂದೀಟು ಕೆಂಪು ಮಸಾರಿ. ಆ ಊರಾಗ ಕಂಬಾರ ಕಾಳಪ್ಪ ಅಂತ ಒಬ್ಬಾಂವ ಇದ್ದ. ಕುಡಗೋಲು, ಕುಂಟಿ ಕುಡ, ಗಾಡಿ ಪಟ್ಟಾ ಎಲ್ಲಾ ಮಾಡ್ತಿದ್ದ ಖರೆ, ಆದ್ರ ಅಂವಗ ಹೆಸರು ಬಂದದ್ದು ಸರಪಳಿಯಿಂದ. ದನ ಕಟ್ಟೋ ಸರಪಳಿ ಅಲ್ಲ ಮತ್ತ, ಹೊಲ ಅಳೆಯೋ ಸರಪಳಿ.

ಈಗಿನವರಿಗೆ ಅದನ್ನೂ ಬಿಡಿಸಿ ಹೇಳಬೇಕು. ಹದಿನಾರು ಆಣೆ ಕೂಡಿದ್ರ ಒಂದು ಸರಪಳಿ, ರೊಕ್ಕದ ಆಣೆ ಅಲ್ಲ, ಅಳತಿ ಆಣೆ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಕಬ್ಬಿಣದ ಕೊಂಡಿಗೆ ಕೊಂಡಿ ಹಾಕಿ ಮಾಡಿದ್ದದು. ಕಲ್ಲಾಗ ಮುಳ್ಳಾಗ ಎಳದೂ ಎಳದೂ ಕೊಂಡಿ ಬಾಯಿ ಬಿಡ್ತಾವ. ಒಂದೊಂದು ಕೊಂಡಿ ಕೂದಲೆಳಿಯಷ್ಟು ಬಾಯಿ ಬಿಟ್ರ ಸಾಕು, ಇಡೀ ಸರಪಳಿ ಒಂದು ಬಟ್ಟು ಎರಡು ಬಟ್ಟು ಉದ್ದ ಆಗಿಬಿಡ್ತೈತಿ, ಬಟ್ಟು ಅಂದ್ರ ಒಂದು ಬೆರಳಗಲ. ಅಂಥಾದ್ದು ಹಿಡಕೊಂಡು ಅಳದ್ರ ಒಬ್ಬನ ಹೊಲ ಇನ್ನೊಬ್ಬನ ಹೊಟ್ಟಿಯೊಳಗ ಹೋಗ್ತೈತಿ. ಒಂದ ತಾಯಿ ಹಾಲು ಕುಡದವರು ಕೊಡಲಿ ಹಿಡೀತಾರ.

ಆ ಸೀಮಿಗೆಲ್ಲಾ ಮೋಜಣಿ ಮಾಡಾಂವ ದಾವಲಸಾಬ. ಹೊಲ ಅಳದು ಗಡಿಕಲ್ಲು ನೆಡಸೋದು ಅವನ ಕೆಲಸ. ಛಲೋ ಮನಿಷ್ಯಾ, ಆದ್ರ ಗಡಿಬಿಡಿ ಸ್ವಭಾವ. ಅವನ ಸರಪಳಿ ಸವದಾಗ ಮೊದಲು ಒಯ್ದದ್ದು ಪ್ಯಾಟಿಗೆ, ಚನ್ನಮಲ್ಲಪ್ಪ ಸಾಹುಕಾರನ ಅಂಗಡಿಗೆ. ಸರಪಳಿ, ಗಜದ ಕೋಲು, ದಿಕ್ಕು ತೋರಸೋ ಸೂಜಿ ಡಬ್ಬಿ, ಅಳತಿಗೆ ಬೇಕಾದ್ದೆಲ್ಲಾ ಮಾರೋ ಅಂಗಡಿ ಅದು. ಮಾರಿದ್ದು ಕೆಟ್ರ ರಿಪೇರಿನೂ ಅಲ್ಲೆ. ಸಾಹುಕಾರನ ಬಾಯಿ ಅಂದ್ರ ಬೆಲ್ಲದ ಅಚ್ಚು. ಬರ್ರಿ ಸಾಬ್ರ, ಕೂಡ್ರಿ ಸಾಬ್ರ, ಎಲಿ ಅಡಕಿ ಹಾಕ್ಕೋರಿ ಸಾಬ್ರ ಅಂತ ಉಪಚಾರ ಮಾಡಿ ಸರಪಳಿ ಇಸಗೊಳ್ತಿದ್ದನಂತ. ಎಂಟು ದಿನ ಬಿಟ್ಟು ಹೋದ್ರ ಅದು ಬೆಳ್ಳಿ ಉಡದಾರದಂಗ ಥಳಥಳ ಅಂತಿತ್ತಂತ. ಒಳಗ ಏನು ಮಾಡ್ತಿದ್ರಪಾ ಅಂದ್ರ, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿ, ಎಣ್ಣಿ ಸವರಿ ಕೊಡ್ತಿದ್ರು. ಅಷ್ಟ. ಅಳತಿ ಯಾರು ನೋಡ್ತಾರ?

ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಅನ್ನೋದು ದಾವಲಸಾಬಗ ತಡಾ ಮಾಡಿ ತಿಳೀತು. ತಾ ಅಳದ ಹೊಲ ಇನ್ನೊಬ್ಬ ಅಳದ್ರ ಬ್ಯಾರೆ ಬರಾಕ ಹತ್ತಿತು. ಮತ್ತ ಒಯ್ದ, ಮತ್ತ ತಿಕ್ಕಿ ಕೊಟ್ರು. ಮೂರನೇ ಸಲ ಸಾಹುಕಾರ ನಿಟ್ಟುಸಿರು ಬಿಟ್ಟು, ಇದು ಮುದುಕಾತು ಸಾಬ್ರ, ಹೊಸಾದು ಒಯ್ಯಿರಿ ಅಂದನಂತ. ಹೊಸಾದು ತಂದ. ಅದು ಹುಟ್ಟತಾನ ಅರ್ಧ ಬಟ್ಟು ಗಿಡ್ಡ ಇತ್ತಂತ! ಯಾರ ಮುಂದ ಅಳಬೇಕು ಹೇಳ್ರಿ.

ಆವಾಗ ಯಾರೋ ಅಂದ್ರು, ಎರಿಹಾಳದಾಗ ಕಂಬಾರ ಕಾಳಪ್ಪ ಅದಾನ, ಅವನ ಕಡೆ ಒಯ್ಯಿ ಅಂತ. ಕಾಳಪ್ಪ ಕಣ್ಣು ಮುಚ್ಚಿ ಸರಪಳಿ ಅಂಗೈಯೊಳಗ ಹಾಯಿಸಿದ್ರ, ಯಾವ ಕೊಂಡಿ ಬಾಯಿ ಬಿಟ್ಟೈತೋ ಅಲ್ಲೇ ಕೈ ನಿಲ್ತಿತ್ತಂತ. ಸರಪಳಿ ನೆಲಕ್ಕ ಒಗದ್ರ ಸಪ್ಪಳ ಕೇಳಿ ಎಷ್ಟು ಬಟ್ಟು ತಪ್ಪೈತಿ ಅಂತ ಹೇಳ್ತಿದ್ದನಂತ. ಇದೊಂದು ಮಾತು ನಾ ನಂಬಂಗಿಲ್ಲ. ಹೇಳೋರು ಹೇಳ್ತಾರ, ಕೇಳೋರು ಕೇಳ್ರಿ.

ನಂಬೋ ಮಾತು ಅಂದ್ರ ಅವನ ಪದ್ಧತಿ. ಕಾಳಪ್ಪನ ಹಿತ್ತಲದಾಗ ಅವರಪ್ಪ ನೆಟ್ಟ ಎರಡು ಕಲ್ಲಿದ್ವು, ನಡುವ ಸರಿಯಾಗಿ ಒಂದು ಸರಪಳಿ ಅಂತರ. ಯಾರು ತಂದ್ರೂ ಮೊದಲು ಅವರ ಕಣ್ಣ ಮುಂದ ಆ ಕಲ್ಲಿಗೆ ಹಿಡದು, ನೋಡಪಾ ಇಷ್ಟು ತಪ್ಪೈತಿ ಅಂತ ತೋರಸ್ತಿದ್ದ. ಆಮ್ಯಾಲ ಕೊಂಡಿ ಬಡದು, ಬ್ಯಾಡಾದ್ದು ತಗದು, ಬೇಕಾದ್ದು ಹಾಕಿ, ಮತ್ತ ಕಲ್ಲಿಗೆ ಹಿಡದು ತೋರಸ್ತಿದ್ದ. ತಗದ ಹಳೇ ಕೊಂಡಿ ತಂತಿಗೆ ಪೋಣಿಸಿ ತಂದವನ ಕೈಯಾಗ ಕೊಡ್ತಿದ್ದ. ಕಟ್ಟಕಡೇಕ ತನ್ನ ಹಿತ್ತಾಳಿ ಮುದ್ರಿ ಹಚ್ಚಿ ಒಂದು ಮಾತು ಹೇಳ್ತಿದ್ದ. ಈ ತಪ್ಪು ಸರಪಳಿ ಹಿಡಕೊಂಡು ಯಾರ ಯಾರ ಹೊಲ ಅಳದೀಯೋ, ಅವರ ಮನೀಗೆ ಹೋಗಿ ಹೇಳಿ ಬಾ. ಅಲ್ಲೀತನಕ ನನ್ನ ರಿಪೇರಿ ಮುಗದಿಲ್ಲ.

ದಾವಲಸಾಬಗ ಸಿಟ್ಟು ಬಂತು. ಸರಪಳಿ ರಿಪೇರಿ ಮಾಡಪಾ ಅಂದ್ರ ನನ್ನ ಮಾನ ರಿಪೇರಿ ಮಾಡಾಕ ಹೊಂಟಾನಲ್ಲ ಇಂವ ಅಂತ ಗೊಣಗಿದನಂತ. ಆದ್ರ ಹೋದ. ಒಂದು ಮನ್ಯಾಗ ಮಜ್ಜಿಗಿ ಕೊಟ್ರು, ಒಂದು ಮನ್ಯಾಗ ಬಡಿಗಿ ತಗೊಂಡು ಬೆನ್ನು ಹತ್ತಿದ್ರು. ಆದ್ರ ವರ್ಷ ತುಂಬೋದ್ರೊಳಗ ಏನಾತಂದ್ರ, ಅಳತಿ ಬೇಕಂದ್ರ ದಾವಲಸಾಬನ ಬೇಕು ಅಂತ ಜನ ಹಟಾ ಹಿಡೀಲಿಕ್ಕ ಹತ್ತಿದ್ರು. ಹತ್ತೂರ ಮೋಜಣಿಯವರು ಪ್ಯಾಟಿ ದಾರಿ ಬಿಟ್ಟು ಎರಿಹಾಳದ ದಾರಿ ಹಿಡದ್ರು. ಕಾಳಪ್ಪನ ಮುದ್ರಿ ಐತಿ ಅಂದ್ರ ಮುಗೀತು, ಪಂಚರೂ ಬಾಯಿ ಮುಚ್ಚತಿದ್ರಂತ.

ಹೆಸರು ಬಂತು ನೋಡ್ರಿ, ಹೆಸರಿನ ಹಿಂದ ಒಂದೀಟು ಸೊಕ್ಕೂ ಬಂತು. ಯಾರಿಗೆ ಬರಂಗಿಲ್ಲ?

ಹಿಂಗ ಏಳು ಬ್ಯಾಸಗಿ ಹೋದ್ವು. ಎಂಟನೇದು. ಮೂಡಲ ಸೀಮ್ಯಾಗ ನೀಲವ್ವ ಅಂತ ಒಬ್ಬಾಕಿದು ನಾಕೆಕರೆ ಹೊಲ. ಆ ಸುತ್ತಿನಾಗ ಎಲ್ಲೆ ತೋಡಿದ್ರೂ ಸವಳ ನೀರು. ಅಕಿ, ಅಕಿ ಗಂಡ ಇಬ್ಬರ ಮೂರು ಬ್ಯಾಸಗಿ ತೋಡಿ ಹೊಲದ ದಂಡಿಗೆ ಒಂದು ಸಣ್ಣ ಬಾವಿ ತಗದಿದ್ರು, ಮೂರು ಮೊಳ ಅಗಲದ್ದು. ದೇವರು ದೊಡ್ಡಾಂವ, ಸೀ ನೀರು ಬಿತ್ತು. ಆ ನೀರು ಕೊಡದಾಗ ಹೊತ್ತು ಹಾಕಿ ನೀಲವ್ವ ಮೆಣಸಿನ ಸಸಿ ಮಡಿ ಮಾಡ್ತಿದ್ಲು. ಮಳಿ ಬಿದ್ದ ಕೂಡಲೇ ಸುತ್ತ ಹಳ್ಳಿಯವರು ಬಂದು ಸಸಿ ಒಯ್ತಿದ್ರು. ಅಕಿ ಬಾಳೇವು ನಿಂತಿದ್ದು ಆ ಬಾವಿ ಮ್ಯಾಲ.

ಬಾಜೂ ಹೊಲ ಫಕೀರಪ್ಪಂದು. ಇಬ್ಬರ ನಡುವಿನ ಗಡಿಕಲ್ಲು ಎರಿ ಮಣ್ಣಾಗ ಹೂತು ಹೋಗಿತ್ತು. ಹೊಸಾ ಕಲ್ಲು ನೆಡಸೋಣು ಅಂತ ದಾವಲಸಾಬನ್ನ ಕರಿಸಿದ್ರು. ದಾವಲಸಾಬ ಆ ಬ್ಯಾಸಗಿಯೊಳಗ ಕಾಳಪ್ಪನ ಕಡೆ ಸರಪಳಿ ರಿಪೇರಿ ಮಾಡಿಸಿಕೊಂಡ ಬಂದಿದ್ದ. ಫಕೀರಪ್ಪನ ಹೊಲದ ಆಚೀ ದಂಡೀಲಿಂದ ಇಪ್ಪತ್ತು ಸರಪಳಿ ಎಳದು ಕಲ್ಲು ನೆಡಸಿದ. ನೋಡ್ತಾರ, ಬಾವಿ ಪೂರಾ ಫಕೀರಪ್ಪನ ಕಡೆ! ಫಕೀರಪ್ಪ ಕೆಟ್ಟಾಂವೇನಲ್ಲ. ಆದ್ರ ಮನೀಗೆ ಬಂದ ಲಕ್ಷ್ಮೀನ ಯಾರು ಹೊರಗ ಹಾಕ್ತಾರ? ಮರುದಿನ ಮುಳ್ಳು ಬೇಲಿ ಹಚ್ಚಿದ.

ಐದ ದಿನದಾಗ ಸಸಿ ಬಾಡಾಕ ಹತ್ತಿದ್ವು. ನೀಲವ್ವನ ಗಂಡ ಮಾತಿಲ್ಲದ ಮನಿಷ್ಯಾ, ಅವನ ಪಾಲಿನ ಮಾತೂ ಅಕೀನ ಆಡ್ತಿದ್ಲು. ನೆಟ್ಟಗ ಕಾಳಪ್ಪನ ಕುಲುಮಿಗೆ ಬಂದ್ಲು. ಬಾಡಿದ ಎರಡು ಸಸಿ ಅಡಿಗಲ್ಲಿನ ಮ್ಯಾಲ ಒಗದ್ಲು.

"ನೋಡೋ ಯಣ್ಣಾ, ನಿನ್ನ ಸರಪಳಿ ಹಡದ ಕೂಸು!"

ಕಾಳಪ್ಪಗ ಮುಖಕ್ಕ ಹೊಡದಂಗಾತು. ತನ್ನ ಮುದ್ರಿ ಬಿದ್ದ ಸರಪಳಿ ತಪ್ಪಂಗಿಲ್ಲ, ಬೇಕಾದ್ರ ಹತ್ತೂರು ಕೇಳು, ಹೊಟ್ಟಿ ಸಂಕಟಕ್ಕ ಬಾಯಿಗೆ ಬಂದದ್ದು ಆಡಬ್ಯಾಡ ತಂಗಿ ಅಂತ ಕಳಿಸಿಬಿಟ್ಟ. ನೀಲವ್ವ ಸಸಿ ಅಲ್ಲೇ ಬಿಟ್ಟು ಹೋದ್ಲು. ಹೋಗುವಾಗ ಅಳ್ತಿದ್ಲಂತ. ಬಯ್ಯಾಕಿ ಅಳೋದು ನೋಡಾಕ ಆಗಂಗಿಲ್ಲ ನೋಡ್ರಿ. ಕಾಳಪ್ಪಗ ಆವತ್ತು ಸುತ್ತಗಿ ಕೈಗೆ ಹತ್ತಲಿಲ್ಲ.

ಅವನ ಹೆಂಡತಿ ಮೋನವ್ವ ಹಿತ್ತಲದಾಗ ಶ್ಯಾವಿಗಿ ಒಣ ಹಾಕಾಕ ಹತ್ತಿದ್ಲು. ಅದ ಎರಡು ಕಲ್ಲಿನ ನಡುವ ನೂಲಿನ ಹಗ್ಗ ಕಟ್ಟಿ ಅದರ ಮ್ಯಾಲ ಹರವತಿದ್ಲು. ಫಟ್ ಅಂತ ಹಗ್ಗ ಹರೀತು. ಶ್ಯಾವಿಗಿಯೆಲ್ಲಾ ಮಣ್ಣು ಪಾಲು. ಮೋನವ್ವ ಹಗ್ಗಕ್ಕ ಬೈಲಿಕ್ಕ ಹತ್ತಿದ್ಲು. ಈ ಹಾಳಾದ ಹಗ್ಗದ್ದು ಪ್ರತಿ ವರ್ಷದ್ದೂ ಇದ ಗೋಳು, ಮಳಿಗಾಲದಾಗ ಜೋತು ಬೀಳ್ತೈತಿ, ಬ್ಯಾಸಗಿ ಬಂತಂದ್ರ ಬಿಗದು ಹರೀತೈತಿ ಅಂದ್ಲು.

ಕಾಳಪ್ಪ ಕೂತಲ್ಲೇ ಕೂತು ಬಿಟ್ಟ. ನೀವ ಹೇಳ್ರಿ, ನೂಲಿನ ಹಗ್ಗ ನೆನದ್ರ ಬಿಗೀತೈತೋ, ಸಡಲಾಗ್ತೈತೋ? ನೆನದ್ರ ಬಿಗೀಬೇಕು, ಒಣಗಿದ್ರ ಸಡಲಾಗಬೇಕು. ಬಾವಿ ಹಗ್ಗ ಹಿಡದ ಯಾವ ಹೆಣ್ಮಗಳನ್ನ ಕೇಳಿದ್ರೂ ಹೇಳ್ತಾಳ. ಇದು ಉಲ್ಟಾ ಆತಲ್ಲ? ಹಂಗಾದ್ರ ಆಡೋದು ಹಗ್ಗ ಅಲ್ಲ. ಕಲ್ಲು.

ಎದ್ದು ಹೋಗಿ ಕಲ್ಲಿನ ಬುಡಾ ನೋಡಿದ. ಎರಿ ನೆಲ, ಬ್ಯಾಸಗಿ ಬಿಸಲಿಗೆ ಕೈ ಹಿಡಿಸೋ ಅಷ್ಟು ಬಿರಕು. ಬಿರಕು ಬಾಯಿ ತಗದಂಗ ಕಲ್ಲು ಒಂದು ಆಕಡೆ ಒಂದು ಈಕಡೆ, ಒಂದಕ್ಕೊಂದು ದೂರ ವಾಲಿದ್ವು. ಮಳಿ ಬಿದ್ದು ಎರಿ ಉಬ್ಬಿದ್ರ ಮತ್ತ ನೆಟ್ಟಗ ನಿಲ್ತಿದ್ವು. ಅವರಪ್ಪ ಮಳಿಗಾಲದಾಗ ನೆಟ್ಟಿದ್ದ. ಕಾಳಪ್ಪ ದೇವರ ಮಾಡದಾಗಿಂದ ಅಪ್ಪನ ಕಬ್ಬಿಣದ ಗಜ ತಂದ. ಹನ್ನೊಂದು ಗಜ ಕೂಡಿದ್ರ ಒಂದು ಸರಪಳಿ ಆಗಬೇಕು. ಒಂದು, ಎರಡು ಅಂತ ಎಣಿಸಿಗೋತ ಹೋದ. ಹನ್ನೊಂದು ಗಜ ಆಗಿ ಮ್ಯಾಲ ನಾಕು ಬಟ್ಟು ಉಳೀತು. ಮತ್ತೊಮ್ಮೆ ಹಿಡದ. ನಾಕು ಬಟ್ಟು. ಇಪ್ಪತ್ತು ಸರಪಳಿಗೆ ಎಂಬತ್ತು ಬಟ್ಟು. ಮೊಳಕ್ಕ ಇಪ್ಪತ್ನಾಕು ಬಟ್ಟು. ಅಂದ್ರ ಮೂರು ಮೊಳದ ಮ್ಯಾಲ ಎಂಟು ಬಟ್ಟು. ನೀಲವ್ವನ ಬಾವಿ.

ಮೋಜಣಿಯವರೆಲ್ಲಾ ಸರಪಳಿ ತರೋದು ಬ್ಯಾಸಗಿಯೊಳಗ, ಹೊಲ ಖಾಲಿ ಇದ್ದಾಗ. ಎಲ್ಲಾರ ಸರಪಳಿಯೊಳಗೂ ಒಂದ ತಪ್ಪು ಇದ್ದದ್ದಕ್ಕ ಒಂದಕ್ಕೊಂದು ಹೊಂದತಿದ್ವು, ಯಾರಿಗೂ ಅನುಮಾನ ಬಂದಿರಲಿಲ್ಲ. ಎಂಟು ಬ್ಯಾಸಗಿ ಬಂದ ಸರಪಳಿ ಒಂದೊಂದ ಅವನ ಕಣ್ಣ ಮುಂದ ಬಂದ್ವು. ಕೆಲವರು ಇಪ್ಪತ್ತು ಅಂತಾರ, ಕೆಲವರು ಇನ್ನೂರು ಅಂತಾರ. ನಮ್ಮವ್ವ ನಲವತ್ತು ಅಂತಿದ್ಲು, ಅಕಿ ಮಾತು ನನಗ ಖರೆ ಅನಸ್ತೈತಿ. ತನ್ನ ಎಲಿಯಾಗ ಹೆಗ್ಗಣ ಸತ್ತು ಬಿದ್ದಿದ್ರೂ ಮಂದಿ ಎಲಿಯಾಗಿನ ನೊಣಾ ಓಡಿಸಾಕ ಹೋದನಂತ, ಹಂಗಾತು ನನ್ನ ಬಾಳೇವು ಅಂತ ಕಾಳಪ್ಪ ತಲಿ ತಲಿ ಬಡಕೊಂಡ. ಹೆಂಡತಿ ಮುಂದ ಸಣ್ಣ ಹುಡುಗರಂಗ ಅತ್ತನಂತ. ಮೋನವ್ವ ಸಮಾಧಾನ ಮಾಡಲಿಲ್ಲ. ಮಂದೀಗೆ ಏನು ಹೇಳಿ ಕಳಸ್ತಿದ್ದೆಪಾ ಇಷ್ಟು ದಿನ ಅಂತ ಕೇಳಿದ್ಲು. ಕೇಳಿ, ಬುತ್ತಿ ಕಟ್ಟಾಕ ಒಳಗ ಹೋದ್ಲು.

ಊರಿಗೆ ಗೊತ್ತಾಗೋಕಿಂತ ಮೊದಲು ಸುದ್ದಿ ಹೆಂಗೋ ಪ್ಯಾಟ್ಯಾಗಿನ ಸಾಹುಕಾರನ ಕಿವಿಗೆ ಬಿತ್ತು. ಸಾಹುಕಾರ ಗಾಡಿ ಕಟ್ಟಿಕೊಂಡು ಬಂದ. ನಗಾಕ ಬಂದಿರಬೇಕು ಅಂತ ಕಾಳಪ್ಪ ಅನಕೊಂಡ. ಅಂವ ನಗಲಿಲ್ಲ, ಗಾಬರಿಯಾಗಿದ್ದ. ಕಾಳಪ್ಪ, ಹೊರಗ ಹೇಳಬ್ಯಾಡೋ ಮಾರಾಯ, ನಿನ್ನ ಸರಪಳೀನ ಸುಳ್ಳು ಅಂದ್ರ ಮಂದಿ ಎಲ್ಲಾರ ಸರಪಳಿನೂ ಸುಳ್ಳು ಅಂತಾರ, ನನ್ನ ಅಂಗಡಿ ಬಾಗಲಾ ಹಾಕಬೇಕಾಗ್ತೈತಿ ಅಂತ ಕೈ ಹಿಡಕೊಂಡ. ಮಳಿ ಬಿದ್ರ ಕಲ್ಲು ತಾವ ನೆಟ್ಟಗಾಗ್ತಾವ, ಯಾರಿಗೆ ಗೊತ್ತಾಗ್ತೈತಿ ಅಂದ. ಕಾಳಪ್ಪ ಅಂದನಂತ, ಕಲ್ಲು ನೆಟ್ಟಗಾಗ್ತಾವ ಸಾಹುಕಾರ್ರ, ನೀಲವ್ವನ ಸಸಿ ನೆಟ್ಟಗಾಗಂಗಿಲ್ಲ. ಹಂಗಂದು ಉಳಿ ಸುತ್ತಗಿ ತಗೊಂಡು ಪಡುವಲಕ್ಕ ಹೊಂಟ.

ಪಡುವಲ ಮಸಾರಿಯೊಳಗ ಒಂದು ದೊಡ್ಡ ಹಾಸಬಂಡಿ ಇತ್ತು, ನೆಲಕ್ಕ ಹಾಸಿದಂಗ ಬಿದ್ದ ಬಂಡಿಗಲ್ಲು. ಅದು ಭೂಮಿತಾಯಿ ಬೆನ್ನೆಲಬು, ಮಳಿಗೂ ಅಲ್ಲಾಡಂಗಿಲ್ಲ ಬಿಸಲಿಗೂ ಅಲ್ಲಾಡಂಗಿಲ್ಲ. ಅದರ ಮ್ಯಾಲ ಗಜ ಹಿಡದು ಹನ್ನೊಂದು ಸಲ ಅಳದು, ಈ ತುದಿಗೊಂದು ಆ ತುದಿಗೊಂದು ಗೆರಿ ಹೊಡದ. ಹಿತ್ತಲದಾಗಿನ ಅಪ್ಪನ ಕಲ್ಲು ಕಿತ್ತು ಒಗದ. ಆಮ್ಯಾಲ ದಾವಲಸಾಬನ ಮನೀಗೆ ಹೋದ.

ದಾವಲಸಾಬ ಕೇಳಿ ತಲಿ ಮ್ಯಾಲ ಕೈ ಹೊತ್ತ. ನಾಕು ಬಟ್ಟು ಯಾರು ನೋಡ್ತಾರೋ ಕಾಳಪ್ಪ, ಸುಮ್ಮನಿರು ಅಂದ. ಕಾಳಪ್ಪ ಬಾಗಲಾ ಬಿಟ್ಟು ಸರೀಲಿಲ್ಲ. ದಾವಲಸಾಬಗ ತಾ ಬಡಿಗಿ ಪೆಟ್ಟು ತಪ್ಪಿಸಿಕೊಂಡು ಓಡಿದ್ದು ನೆನಪಾತು. ಆವಾಗ ನೀ ನನ್ನನ್ನ ಕಳಿಸಿದ್ದೆಲ್ಲ, ಈಗ ನೀ ಮುಂದ ನಡಿ, ಪೆಟ್ಟು ಬಿದ್ರ ನಿನಗ ಮೊದಲು ಬೀಳಲಿ ಅಂತ ಚಪ್ಪಲ್ ಮೆಟ್ಟಿದ. ಇಬ್ಬರೂ ಆ ಹಾಸಬಂಡಿ ಮ್ಯಾಲ ಸರಪಳಿ ಹಾಸಿ, ಕೊಂಡಿ ಕಿತ್ತು ಸರಿ ಮಾಡಿಕೊಂಡು ಹೊಲಕ್ಕ ಹೋದ್ರು.

ಊರಿಗೆ ಊರ ನೆರದಿತ್ತಂತ. ಕಾಳಪ್ಪ ಎಲ್ಲಾರ ಮುಂದ, ತಪ್ಪಿದ್ದು ನನ್ನ ಕೈ, ದಾವಲಸಾಬಂದಲ್ಲ, ಫಕೀರಪ್ಪಂದಲ್ಲ, ನೀಲವ್ವ ಹೇಳಿದ್ದ ಖರೆ ಅಂದ. ಮತ್ತ ಇಪ್ಪತ್ತು ಸರಪಳಿ ಎಳದ್ರು. ಕಲ್ಲು ಮೂರು ಮೊಳದ ಮ್ಯಾಲ ಎಂಟು ಬಟ್ಟು ಹಿಂದ ಸರೀತು. ಬಾವಿ ನೀಲವ್ವನ ಕಡೆ ಬಂತು. ಫಕೀರಪ್ಪ ತಾನ ಮುಳ್ಳು ಬೇಲಿ ಕಿತ್ತ. ನೀಲವ್ವ ಏನು ಮಾಡಿದ್ಲು ಗೊತ್ತೇನು? ಮೊದಲನೇ ಕೊಡ ಸೇದಿ ಸಸಿಗೆ ಹಾಕಿದ್ಲು. ಎರಡನೇದು ಸೇದಿ ಕಾಳಪ್ಪನ ಬೊಗಸಿಗೆ ಹೊಯ್ದ್ಲು. ಕುಡೀಯೋ ಯಣ್ಣಾ, ಬಿಸಲಾಗ ಬಂದೀದಿ ಅಂದ್ಲಂತ. ಅರ್ಧ ಮಡಿ ಉಳೀತು, ಅರ್ಧ ಹೋತು. ಹೋದ ಅರ್ಧಕ್ಕ ಬರೋ ವರ್ಷದ ತನಕ ಅಕಿ ಬಯ್ಯೋದು ಬಿಡಲಿಲ್ಲ, ಅದು ಬ್ಯಾರೆ ಮಾತು.

ಅಲ್ಲಿಂದ ಉಳದ ಸರಪಳಿ ಹುಡುಕಿಕೊಂಡು ಕಾಳಪ್ಪ ಹೊಂಟ. ಬಗಲಾಗ ಬುತ್ತಿ, ಹೆಗಲ ಮ್ಯಾಲ ಗಜ. ಹೋದ ಊರಾಗ ಮೋಜಣಿಯವನ್ನ ಕರದು, ಜನಾ ಕೂಡಿಸಿ, ತಪ್ಪು ಹೇಳಿ, ಅಲ್ಲೇ ಕೂತು ಕೊಂಡಿ ಸರಿ ಮಾಡಿ ಕೊಟ್ಟ. ಕೂಲಿ ಮುಟ್ಟಲಿಲ್ಲ. ಅವನ ಚಪ್ಪಲ್ ಮೂರು ಜೋಡಿ ಹರದ್ವಂತ. ಏಳು ಹಳ್ಳಾ ದಾಟಿದನಂತ. ಒಂದೂರಾಗ ನಾಯಿ ಬಿಟ್ರಂತ, ಆ ನಾಯಿ ಅವನ ಕೂಡ ಎರಿಹಾಳಕ್ಕ ಬಂದು ಅಲ್ಲೇ ಉಳೀತಂತ. ಹೇಳೋರು ಹೇಳ್ತಾರ.

ವಾಪಸ್ ಬಂದು ಕುಲುಮಿ ಕಸಾ ಹೊಡದು ಕೂತ. ಇನ್ನ ಯಾರು ಬರ್ತಾರ ನನ್ನ ಕಡೆ, ಕುಡ ಕುಡಗೋಲು ಬಡಕೊಂಡು ಇದ್ರಾತು ಅಂತ ಹೆಂಡತಿಗೆ ಹೇಳಿದ. ಹದಿನೈದು ದಿನಾ ಯಾರೂ ಬರಲಿಲ್ಲ. ಹದಿನಾರನೇ ದಿನಾ ಗಾಡಿ ಸಪ್ಪಳ ಕೇಳಸ್ತು. ಒಂದಲ್ಲ, ಸಾಲು ಗಾಡಿ. ಹೆಸರು ಕೇಳಿರದ ಊರಿಂದೆಲ್ಲಾ ಮೋಜಣಿಯವರು ಸರಪಳಿ ಹೊತ್ತು ಬಂದಿದ್ರು. ತಪ್ಪಿದ್ರ ಮನೀಗೆ ಬಂದು ಹೇಳೋ ಕಂಬಾರ ಇಂವ ಒಬ್ಬನ ಅಂತ ಸುದ್ದಿ ಆಗಿತ್ತು. ಕಡೇ ಗಾಡ್ಯಾಗ ಒಂದು ಚೀಲ ತುಂಬ ಹೊಸಾ ಸರಪಳಿ. ಯಾರವು ಅಂದ್ರ ಗಾಡಿಯವ ನಾಚಿಕೊಂಡು, ಚನ್ನಮಲ್ಲಪ್ಪ ಸಾಹುಕಾರ ಕಳಿಸ್ಯಾರ, ಮಾರೋಕಿಂತ ಮೊದಲು ನಿಮ್ಮ ಹಾಸಬಂಡಿಗೆ ಹಿಡದು ನೋಡ್ಬೇಕಂತ, ಯಾರಿಗೂ ಹೇಳಬ್ಯಾಡ ಅಂದಾರ ಅಂದ. ಮೋನವ್ವ ಅವತ್ತ ಊರಿಗೆಲ್ಲಾ ಹೇಳಿದ್ಲು.

ಆ ವರ್ಷ ಖಂಡೇನವಮಿ ಬಂತು. ಎಲ್ಲಾರೂ ಅವರವರ ಕೆಲಸದ ಸಾಮಾನಿಗೆ ಪೂಜಿ ಮಾಡೋ ಹಬ್ಬ ಅಲ್ಲೇನು. ಕಾಳಪ್ಪ ಸುತ್ತಗಿ, ಇಕ್ಕಳ, ಗಜ ಆ ಹಾಸಬಂಡಿ ಮ್ಯಾಲ ಇಟ್ಟ. ಕಾಯಿ ಒಡಿಯೋಕಿಂತ ಮೊದಲು ಎದ್ದು ನಿಂತು, ಈ ವರ್ಷ ನನ್ನ ಕೈಲೆ ಆದ ತಪ್ಪು ಇದು ಅಂತ ಗಟ್ಟಿಯಾಗಿ ಹೇಳಿದ. ಆಮ್ಯಾಲ ದಾವಲಸಾಬ ತಂದೊಂದು ಹೇಳಿದ. ಫಕೀರಪ್ಪ ಒಂದು ಹೇಳಿದ. ನೀಲವ್ವ ನಂದೇನೂ ಇಲ್ಲ ಅಂದು, ಸ್ವಲ್ಪ ಹೊತ್ತು ಬಿಟ್ಟು ಎರಡು ಹೇಳಿದ್ಲು.

ಕಾಳಪ್ಪ ಹೋಗಿ ಎಷ್ಟು ತಲಿಮಾರು ಆದ್ವೋ. ಇವತ್ತಿಗೂ ಎರಿಹಾಳದಾಗ ಖಂಡೇನವಮಿ ದಿನಾ ಎಲ್ಲಾರೂ ಆ ಬಂಡಿಗೆ ಬರ್ತಾರ. ಅಂಗಿ ಹೊಲಿಯೋ ಸಿಂಪಿಗ್ಯಾ ಟೇಪು ತರ್ತಾನ, ಕಿರಾಣಿಯವ ತಕ್ಕಡಿ ತರ್ತಾನ, ಪಂಪ್ ರಿಪೇರಿಯವ ಪಾನಾ ತರ್ತಾನ. ತಮ್ಮ ತಮ್ಮ ತಪ್ಪು ಹೇಳಿದ ಮ್ಯಾಲ ಕಾಯಿ ಒಡಸ್ತಾರ. ಕುಪ್ಪಸ ಗಿಡ್ಡ ಹೊಲದೆ, ಹಳೇ ವಾಯರ್ ಹಾಕಿ ಹೊಸಾದು ಅಂದೆ, ಹಿಂಗ. ಜನಾ ನಗ್ತಾರ, ಬಯ್ತಾರ, ಪ್ರಸಾದ ತಿಂತಾರ. ತಪ್ಪಿಲ್ಲ ಅಂದವನ ಕಾಯಿ ಒಡಿಯಂಗಿಲ್ಲ. ಮುಂದಿನ ವರ್ಷ ಬಾರಪಾ ಅಂತ ಕಾಯಿ ಕೈಗೆ ಕೊಟ್ಟು ಕಳಸ್ತಾರ.

ಹೋದದರ ಹಿಂದಿನ ವರ್ಷ ಮೂರು ಕಾಲಿನ ಅಳತಿ ಮಶೀನು ಮಾರಾಂವ ಒಬ್ಬ ಬಂದಿದ್ದ, ಇಸ್ತ್ರಿ ಅಂಗಿ ಹಾಕ್ಕೊಂಡು. ಮಾರೋದೂ ಅವನ, ರಿಪೇರಿನೂ ಅವನ. ನಮ್ಮ ಮಶೀನು ತಪ್ಪಂಗಿಲ್ಲರೀ, ನಮ್ಮ ರಿಪೇರಿನೂ ತಪ್ಪಂಗಿಲ್ಲ ಅಂದ. ಕಾಯಿ ಕೈಗೆ ಕೊಟ್ಟು ಕಳಿಸಿದ್ರು. ಸಿಟ್ಟು ಮಾಡಿಕೊಂಡು ಹೋದ. ಹೋದ ವರ್ಷ ಮತ್ತ ಬಂದ. ಎಲ್ಲಾರದೂ ಮುಗಿಯೋತನಕ ದೂರ ನಿಂತಿದ್ದ. ಆಮ್ಯಾಲ ಬಂಡಿ ಮ್ಯಾಲ ಕಾಯಿ ಇಟ್ಟು, ತಲಿ ಕೆಳಗ ಹಾಕಿ ಅಂದ.

"ಹೋದ ವರ್ಷ ಇಲ್ಲೇ ನಿಂತು ಸುಳ್ಳು ಹೇಳಿದ್ದೆರಿ."

ಯಾರೂ ನಗಲಿಲ್ಲ. ಅವನ ಕಾಯಿ ಮೊದಲು ಒಡದ್ರು.